ಪಿಯು ಮುಗಿಸಿ ನ್ಯೂರೋಸೈನ್ಸ್ ಓದುವುದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಮಿದುಳಿನ ಬಗ್ಗೆ ಓದಬೇಕೆಂದು ಹಟ ಹಿಡಿದ ನಮ್ಮ ಭಾಗದ ಮಕ್ಕಳು ಪ್ರತಿ ವರ್ಷ ಅದೇ ಜಾಗಗಳಲ್ಲಿ ಎಡವುತ್ತಾರೆ. ಕೋರ್ಸಿನ ಹೆಸರಿನಲ್ಲಿ 'ನ್ಯೂರೋಸೈನ್ಸ್' ಹುಡುಕುತ್ತಾರೆ, ಸಿಗದಿದ್ದಾಗ ಆಸೆಯನ್ನೇ ಬಿಡುತ್ತಾರೆ. ನೀಟ್ ಕೋಚಿಂಗಿನ ಗದ್ದಲದಲ್ಲಿ ಗಣಿತವನ್ನು ಪಾಸಾಗುವಷ್ಟಕ್ಕೆ ಇಳಿಸಿಬಿಡುತ್ತಾರೆ. ಐದು ವರ್ಷದ ವಿಜ್ಞಾನ ಪದವಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬುವ ದಿನಗಳು ಬಂದು ಹೋದದ್ದು ಎಷ್ಟೋ ಜನರಿಗೆ ಗೊತ್ತಾಗುವುದೇ ನೀಟ್ ಮುಗಿದ ಮೇಲೆ.

ಈ ಮೂರನ್ನೂ ತಪ್ಪಿಸಬಹುದು. ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು, ಅಷ್ಟೇ. ಫಸ್ಟ್ ಪಿಯುನಿಂದ ಐದನೇ ವರ್ಷದ ಸಂಶೋಧನಾ ಪ್ರಬಂಧದವರೆಗಿನ ಕ್ರಮ ಕೆಳಗಿದೆ. ನೀವು ಈಗಾಗಲೇ ಸೆಕೆಂಡ್ ಪಿಯುನಲ್ಲಿದ್ದರೆ ಮೊದಲ ಎರಡು ಹಂತಗಳನ್ನು ಓದಿಕೊಂಡು, ಇವತ್ತೇ ನಾಲ್ಕನೇ ಹಂತದ ಕೆಲಸಕ್ಕೆ ಕೈಹಾಕಿ.

## ಹಂತ 1: ಯಾವ ಬಾಗಿಲು ಎಂದು ಮೊದಲು ನಿಶ್ಚಯಿಸಿ

ಮಿದುಳಿನ ಕಡೆಗೆ ಮೂರು ಬೇರೆ ಬೇರೆ ದಾರಿಗಳಿವೆ. ಒಂದರಲ್ಲಿ ಹೋಗಿ ಇನ್ನೊಂದಕ್ಕೆ ಹಾರುವುದು ಸುಲಭವಲ್ಲ.

ಪಾರ್ಶ್ವವಾಯು, ಮೂರ್ಛೆ ರೋಗ ಇರುವವರಿಗೆ ಚಿಕಿತ್ಸೆ ಕೊಡಬೇಕು ಎಂಬುದು ನಿಮ್ಮ ಆಸೆಯಾದರೆ ನೀವು ನರರೋಗ ತಜ್ಞರಾಗಬೇಕು. ಅದಕ್ಕೆ ಎಂಬಿಬಿಎಸ್, ಆಮೇಲೆ ಎಂಡಿ, ಆಮೇಲೆ ಡಿಎಂ. ಅಲ್ಲಿ ನೀಟ್ ಬಿಟ್ಟು ಬೇರೆ ದಾರಿ ಇಲ್ಲ. ಮನಸ್ಸಿನ ತೊಂದರೆ ಇರುವವರ ಜೊತೆ ಕೂತು ಕೆಲಸ ಮಾಡಬೇಕೆಂದರೆ ಮನಃಶಾಸ್ತ್ರ ಓದಿ, ಕ್ಲಿನಿಕಲ್ ಸೈಕಾಲಜಿಯಲ್ಲಿ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ನೆನಪು ಹೇಗೆ ಉಳಿಯುತ್ತದೆ, ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಹೇಗೆ ಮುಟ್ಟಿಸುತ್ತದೆ, ಹಕ್ಕಿ ಹಾಡು ಹೇಗೆ ಕಲಿಯುತ್ತದೆ ಎಂಬ ಪ್ರಶ್ನೆಗಳು ನಿಮ್ಮನ್ನು ಬಿಡದೆ ಕಾಡುತ್ತಿದ್ದರೆ ನಿಮ್ಮದು ನರವಿಜ್ಞಾನ, ಅಂದರೆ ನ್ಯೂರೋಸೈನ್ಸ್. ಈ ಮಾರ್ಗದರ್ಶಿ ಅದಕ್ಕೆ ಮಾತ್ರ.

ಮನೆಯಲ್ಲಿ ಬರುವ ಪ್ರಶ್ನೆ ಗೊತ್ತಿದ್ದದ್ದೇ: 'ಐದ್ ವರ್ಷ ಓದಿ ಡಾಕ್ಟರೂ ಆಗಂಗಿಲ್ಲ, ಇಂಜಿನಿಯರೂ ಆಗಂಗಿಲ್ಲ, ಮತ್ತೇನ್ ಆಗ್ತಿ?' ಇದಕ್ಕೆ ಸಿಟ್ಟಾಗಬೇಡಿ, ನೇರ ಉತ್ತರ ಕೊಡಿ. ಐದು ವರ್ಷದ ಬಿಎಸ್-ಎಂಎಸ್ (ಪದವಿ, ಸ್ನಾತಕೋತ್ತರ ಎರಡೂ ಕೂಡಿದ ಇಂಟಿಗ್ರೇಟೆಡ್ ಕೋರ್ಸ್) ಮುಗಿಸಿದವರು ಬಹುಮಟ್ಟಿಗೆ ಪಿಎಚ್‌ಡಿಗೆ ಹೋಗುತ್ತಾರೆ. ಪಿಎಚ್‌ಡಿಗೆ ಫೀ ಕಟ್ಟಿ ಮನೆ ಖಾಲಿ ಮಾಡಬೇಕಿಲ್ಲ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ, ಮನೆ ಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿ ಬೇಡವೆಂದವರು ಔಷಧ ಕಂಪನಿ, ಡೇಟಾ ವಿಶ್ಲೇಷಣೆ, ವೈದ್ಯಕೀಯ ಉಪಕರಣಗಳ ಕಡೆ ಹೋಗುತ್ತಾರೆ. ಹಾಗೆಯೇ ಇದನ್ನೂ ಮುಚ್ಚಿಡಬೇಡಿ: ಈ ಪದವಿಯಿಂದ ರೋಗಿಗಳನ್ನು ನೋಡುವ ಪರವಾನಗಿ ಸಿಗುವುದಿಲ್ಲ, ಮತ್ತು ಸಂಶೋಧನೆಯಲ್ಲಿ ನೆಲೆ ನಿಲ್ಲಲು ಹತ್ತು ವರ್ಷವಾದರೂ ಹಿಡಿಯುತ್ತದೆ. ಮನೆಯವರಿಗೆ ಇವೆರಡೂ ಮೊದಲೇ ಗೊತ್ತಿರಬೇಕು.

ಎಚ್ಚರಿಕೆ: ಬೆರಳಚ್ಚು ತೆಗೆದು 'ನಿಮ್ಮ ಮಗುವಿನ ಮಿದುಳಿಗೆ ಯಾವ ಕೋರ್ಸ್ ಹೊಂದುತ್ತದೆ' ಎಂದು ಹೇಳುವವರು ನಮ್ಮ ಊರುಗಳಲ್ಲೂ ಬರುತ್ತಾರೆ. 'ಮಿಡ್‌ಬ್ರೈನ್ ಆಕ್ಟಿವೇಶನ್' ಹೆಸರಿನ ತರಗತಿಗಳೂ ಇವೆ. ಎರಡಕ್ಕೂ ವೈಜ್ಞಾನಿಕ ಆಧಾರವಿಲ್ಲ. ಆ ದುಡ್ಡನ್ನು ಪರೀಕ್ಷೆಯ ಅರ್ಜಿ ಶುಲ್ಕಗಳಿಗೆ ತೆಗೆದಿಡಿ.

## ಹಂತ 2: ಫಸ್ಟ್ ಪಿಯುನಿಂದಲೇ ಗಣಿತ ಬಿಡಬೇಡಿ

ಇಡೀ ದಾರಿಯಲ್ಲಿ ಅತಿ ಹೆಚ್ಚು ಮಕ್ಕಳು ಸೋಲುವುದು ಇಲ್ಲಿ. ಹೀಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಿಸಿಎಂಬಿ ತೆಗೆದುಕೊಂಡವರೂ ನೀಟ್ ಬ್ಯಾಚಿಗೆ ಸೇರಿದ ಕೂಡಲೇ ಗಣಿತವನ್ನು ಬೋರ್ಡ್ ಪರೀಕ್ಷೆಯ ಮಟ್ಟಕ್ಕೆ ನಿಲ್ಲಿಸುತ್ತಾರೆ. ಐಸರ್ ಪ್ರವೇಶ ಪರೀಕ್ಷೆ, ಅಂದರೆ ಐಎಟಿಯಲ್ಲಿ 60 ಪ್ರಶ್ನೆಗಳು: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ತಲಾ 15. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 240 ಅಂಕ, ಮೂರು ತಾಸು. ಗಣಿತ ಬಿಟ್ಟವರು 60 ಅಂಕಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ.

ಇನ್ನು ಪರೀಕ್ಷೆಯಾಚೆಗಿನ ಕಾರಣ. ನರವಿಜ್ಞಾನ ಅಂದರೆ ಜೀವಶಾಸ್ತ್ರದ ಒಂದು ಅಧ್ಯಾಯ ಎಂದು ನಂಬಿ ಬಂದವರು ಎರಡನೇ ವರ್ಷದಲ್ಲಿ ಕಂಗಾಲಾಗುತ್ತಾರೆ. ಒಂದು ಉದಾಹರಣೆ ನೋಡಿ. ಫಸ್ಟ್ ಪಿಯು ಜೀವಶಾಸ್ತ್ರದಲ್ಲಿ ನರ ನಿಯಂತ್ರಣದ ಪಾಠವಿದೆ. ನರಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು ಎಂದು ಅಲ್ಲಿ ಓದಿರುತ್ತೀರಿ. ಸೆಕೆಂಡ್ ಪಿಯು ರಸಾಯನಶಾಸ್ತ್ರದ ವಿದ್ಯುದ್ರಸಾಯನ ಅಧ್ಯಾಯದಲ್ಲಿ ನರ್ನ್‌ಸ್ಟ್ ಸಮೀಕರಣ ಬರುತ್ತದೆ. ಇವೆರಡೂ ಒಂದೇ ವಿಷಯ ಎಂದು ಯಾರೂ ಹೇಳಿರುವುದಿಲ್ಲ.

ಈಗ ಕೂಡಿಸಿ ನೋಡಿ. ದೇಹದ ಉಷ್ಣತೆಯಲ್ಲಿ, ಒಂದು ಧನ ಆವೇಶದ ಅಯಾನಿಗೆ ಸಮತೋಲನದ ವೋಲ್ಟೇಜ್ ಎಂದರೆ ಸುಮಾರು 61.5 ಮಿಲಿವೋಲ್ಟನ್ನು, ಹೊರಗಿನ ಸಾಂದ್ರತೆಯನ್ನು ಒಳಗಿನದರಿಂದ ಭಾಗಿಸಿದಾಗ ಬರುವ ಸಂಖ್ಯೆಯ ಲಾಗ್‌ನಿಂದ (ಹತ್ತರ ಆಧಾರದ್ದು) ಗುಣಿಸಿದ್ದು. ಪೊಟ್ಯಾಸಿಯಂ ಹೊರಗೆ 5, ಒಳಗೆ 140 ಮಿಲಿಮೋಲಾರ್ ಎಂದಿಟ್ಟುಕೊಳ್ಳಿ. 5 ಭಾಗಿಸು 140ರ ಲಾಗ್ ಸುಮಾರು -1.45. ಗುಣಿಸಿದರೆ -89 ಮಿಲಿವೋಲ್ಟ್. ಸೋಡಿಯಂ ಹೊರಗೆ 145, ಒಳಗೆ 15 ಎಂದು ಹಾಕಿ: ಸುಮಾರು +60. ವಿಶ್ರಾಂತಿಯಲ್ಲಿರುವ ನರಕೋಶದ ಪೊರೆ ಪೊಟ್ಯಾಸಿಯಂಗೆ ಹೆಚ್ಚು ದಾರಿ ಬಿಡುತ್ತದೆ, ಸೋಡಿಯಂಗೆ ತುಸುವೇ. ಹೀಗಾಗಿ ಅದರ ವೋಲ್ಟೇಜ್ -70ರ ಆಸುಪಾಸು, -89ಕ್ಕೆ ಹತ್ತಿರದಲ್ಲಿ ನಿಲ್ಲುತ್ತದೆ. ಸೋಡಿಯಂ ಬಾಗಿಲುಗಳು ಒಮ್ಮೆಲೇ ತೆರೆದರೆ +60ರ ಕಡೆಗೆ ಜಿಗಿಯುತ್ತದೆ. ನರಸಂಕೇತ ಎಂದರೆ ಆ ಜಿಗಿತವೇ.

ಈ ಲೆಕ್ಕವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಒಮ್ಮೆ ಮಾಡಿ. ಮಾಡುವಾಗ ಖುಷಿಯಾದರೆ ಈ ವಿಷಯ ನಿಮ್ಮದು. ಇದಾದ ಮೇಲೆ ಬರುವುದು ಪೊರೆಯನ್ನು ರೋಧಕ ಮತ್ತು ಧಾರಕ ಇರುವ ವಿದ್ಯುತ್ ಮಂಡಲವೆಂದು ನೋಡುವುದು. ಅದು ಸೆಕೆಂಡ್ ಪಿಯು ಭೌತಶಾಸ್ತ್ರ. ಆ ಮಂಡಲದ ವೋಲ್ಟೇಜ್ ಹೊತ್ತು ಹೊತ್ತಿಗೆ ಹೇಗೆ ಬದಲಾಗುತ್ತದೆ ಎನ್ನುವುದು ಅವಕಲ ಸಮೀಕರಣ. ಅದು ಸೆಕೆಂಡ್ ಪಿಯು ಗಣಿತ. 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ಮಾಡಿ ಬರೆದ ಸಮೀಕರಣಗಳೂ ಇದೇ ಜಾತಿಯವು. ಪ್ರತಿಯೊಂದು ನರವಿಜ್ಞಾನ ಕೋರ್ಸಿನಲ್ಲೂ ಅವು ಬಂದೇ ಬರುತ್ತವೆ.

ಫಸ್ಟ್ ಪಿಯುನಲ್ಲೇ ಲಾಗರಿದಮ್, ಫಲನಗಳು, ಸಂಭವನೀಯತೆ ಗಟ್ಟಿ ಮಾಡಿ. ಸೆಕೆಂಡ್ ಪಿಯುನಲ್ಲಿ ಅವಕಲನ, ಅನುಕಲನ, ಅವಕಲ ಸಮೀಕರಣ, ಮ್ಯಾಟ್ರಿಕ್ಸ್. ವಾರಕ್ಕೆ ಐದು ತಾಸು ಗಣಿತಕ್ಕೆ ಇಟ್ಟರೂ ಸಾಕು, ಆದರೆ ಒಂದು ವಾರವೂ ಬಿಡಬಾರದು.

ಪಿಸಿಎಂಸಿ ಓದಿದವರಿಗೆ: ಜೀವಶಾಸ್ತ್ರ ಇಲ್ಲವೆಂದು ಹೆದರಬೇಡಿ. ಐಎಟಿಗೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳಲ್ಲಿ ಕನಿಷ್ಠ ಮೂರು ಓದಿರಬೇಕು ಎಂಬುದು ನಿಯಮ. ಗಣಿತ ಬಲ್ಲವರು ಜೀವಶಾಸ್ತ್ರವನ್ನು ಆಮೇಲೆ ಹಿಡಿಯಬಲ್ಲರು. ಉಲ್ಟಾ ಮಾಡುವುದೇ ಕಷ್ಟ.

## ಹಂತ 3: ಕೋರ್ಸಿನ ಹೆಸರು ಬಿಡಿ, ಲ್ಯಾಬ್ ನೋಡಿ

ನಮ್ಮ ದೇಶದಲ್ಲಿ ಪಿಯು ಮುಗಿದ ಕೂಡಲೇ 'ನ್ಯೂರೋಸೈನ್ಸ್' ಎಂದು ಹೆಸರಿರುವ ಒಳ್ಳೆಯ ಐದು ವರ್ಷದ ಕೋರ್ಸ್ ಹುಡುಕುತ್ತ ಕೂತರೆ ಕಾಲ ಹೋಗುತ್ತದೆ. ನೀವು ಹುಡುಕಬೇಕಾದದ್ದು ಇದು: ಐದು ವರ್ಷದ ವಿಜ್ಞಾನ ಪದವಿ, ಕೊನೆಯ ವರ್ಷ ಪೂರ್ತಿ ಸಂಶೋಧನೆ, ಮತ್ತು ಅದೇ ಕ್ಯಾಂಪಸ್ಸಿನಲ್ಲಿ ಮಿದುಳಿನ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳು. ಪದವಿ ಪತ್ರದ ಮೇಲೆ ಜೀವಶಾಸ್ತ್ರ ಎಂದಿದ್ದರೂ ನಿಮ್ಮ ಪ್ರಬಂಧ ನರವಿಜ್ಞಾನದಲ್ಲಿದ್ದರೆ ಮುಂದಿನ ಪಿಎಚ್‌ಡಿಗೆ ನೋಡುವುದು ಪ್ರಬಂಧವನ್ನೇ.

ಐಸರ್‌ಗಳು. ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬ್ರಹ್ಮಪುರ ಸೇರಿ ಏಳು ಇವೆ. ಇಲ್ಲಿ ಬಿಎಸ್-ಎಂಎಸ್ ಐದು ವರ್ಷ. ನಮಗೆ ಹತ್ತಿರದ್ದು ಪುಣೆಯ ಪಾಷಾಣದಲ್ಲಿರುವುದು. ಬೆಳಗಾವಿಯಿಂದ ಹೆದ್ದಾರಿ, ರೈಲು ಎರಡೂ ನೇರ. ವಿಜಯಪುರದವರಿಗೆ ಸೊಲ್ಲಾಪುರದ ಮೇಲಿಂದ ದಾರಿ. ಇಲಿಗಳು ವಾಸನೆ ಗುರುತಿಸುವ ಬಗೆ, ಝೀಬ್ರಾ ಫಿಂಚ್ ಹಕ್ಕಿಯ ಹಾಡು, ನರತಂತುಗಳ ಬೆಳವಣಿಗೆ, ಕಂಪ್ಯೂಟರ್ ಮಾದರಿಗಳ ಮೂಲಕ ನರಜಾಲದ ಅಧ್ಯಯನ, ಇವೆಲ್ಲ ಅಲ್ಲಿ ನಡೆದಿವೆ. ಐಸರ್‌ಗಳಲ್ಲಿ ರಾಜ್ಯದ ಕೋಟಾ ಇಲ್ಲ. ಹೀಗಾಗಿ ಕರ್ನಾಟಕದಲ್ಲಿ ಐಸರ್ ಇಲ್ಲದಿರುವುದು ನಿಮಗೆ ನಷ್ಟವೇನಲ್ಲ.

ನೈಸರ್ ಮತ್ತು ಸಿಇಬಿಎಸ್. ಭುವನೇಶ್ವರದ ನೈಸರ್, ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದ ಸಿಇಬಿಎಸ್ ಎರಡಕ್ಕೂ ನೆಸ್ಟ್ ಎಂಬ ಪ್ರತ್ಯೇಕ ಪರೀಕ್ಷೆ. ಐದು ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ. ದಿಶಾ ಯೋಜನೆಯಡಿ ವರ್ಷಕ್ಕೆ 60,000 ರೂಪಾಯಿ ವಿದ್ಯಾರ್ಥಿವೇತನ, ಬೇಸಿಗೆ ತರಬೇತಿಗೆ 20,000 ರೂಪಾಯಿ ಇದೆ. ಮನೆಯ ಕೈ ಬಿಗಿ ಇರುವವರು ಇದನ್ನು ಬಿಡಬಾರದು.

ಬೆಂಗಳೂರಿನ ಐಐಎಸ್ಸಿ. ಇಲ್ಲಿ ನಾಲ್ಕು ವರ್ಷದ ಬಿಎಸ್ ಸಂಶೋಧನಾ ಪದವಿ, ಬೇಕಾದವರು ಐದನೇ ವರ್ಷ ಓದಿ ಸ್ನಾತಕೋತ್ತರ ಪದವಿ ಪಡೆಯಬಹುದು. ನರವಿಜ್ಞಾನಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ. ಐಎಟಿ ರ್‍ಯಾಂಕ್ ಇಲ್ಲಿಗೂ ನಡೆಯುತ್ತದೆ, ಆದರೆ ಅರ್ಜಿ ಬೇರೆ ಹಾಕಬೇಕು. ಐಎಟಿ ಬರೆದರೆ ಸಾಕೆಂದು ಕೂತು ಐಐಎಸ್ಸಿಗೆ ಅರ್ಜಿಯನ್ನೇ ಹಾಕದವರು ಬಹಳ. ಐಐಟಿ ಮದ್ರಾಸಿನ ನಾಲ್ಕು ವರ್ಷದ ವೈದ್ಯಕೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಬಿಎಸ್ ಪದವಿಗೂ ಇದೇ ಮಾತು.

ಐಐಟಿ ಧಾರವಾಡ. ಮನೆಯ ಹತ್ತಿರವೇ ಇರಬೇಕು ಎನ್ನುವವರಿಗೆ ಇಲ್ಲಿ ಅಂತರಶಿಸ್ತೀಯ ವಿಜ್ಞಾನದ ಐದು ವರ್ಷದ ಬಿಎಸ್-ಎಂಎಸ್ ಇದೆ. ಪ್ರವೇಶ ಜೆಇಇ ಅಡ್ವಾನ್ಸ್‌ಡ್ ಮೂಲಕ. ಇಲ್ಲಿಯೂ ಕಣ್ಣು ಲ್ಯಾಬ್‌ಗಳ ಮೇಲೆ ಇರಲಿ: ಆ ವರ್ಷ ಯಾವ ಅಧ್ಯಾಪಕರು ಮಿದುಳಿಗೆ ಹತ್ತಿರದ ಕೆಲಸ ಮಾಡುತ್ತಿದ್ದಾರೆ ಎಂದು ವಿಭಾಗದ ಪುಟದಲ್ಲಿ ನೋಡಿಯೇ ಮುಂದುವರಿಯಿರಿ.

ಯಾವುದೇ ಸಂಸ್ಥೆಯ ಹೆಸರು ಪಟ್ಟಿಗೆ ಬರೆಯುವ ಮುನ್ನ ಅಲ್ಲಿನ ಅಧ್ಯಾಪಕರ ಪುಟ ತೆರೆದು, ಮಿದುಳು ಅಥವಾ ನರಮಂಡಲದ ಮೇಲೆ ಕೆಲಸ ಮಾಡುವವರನ್ನು ಎಣಿಸಿ. ಮೂವರಿಗಿಂತ ಕಡಿಮೆ ಇದ್ದರೆ ಆ ಹೆಸರನ್ನು ಪಟ್ಟಿಯ ಕೆಳಗೆ ಇಡಿ. ಒಬ್ಬರು ಬೇರೆಡೆಗೆ ಹೋದರೆ ನಿಮಗೆ ಮಾರ್ಗದರ್ಶಕರೇ ಇರುವುದಿಲ್ಲ.

ಎಚ್ಚರಿಕೆ: ಕರಪತ್ರದಲ್ಲಿ 'ನ್ಯೂರೋಸೈನ್ಸ್' ಎಂದು ದೊಡ್ಡದಾಗಿ ಹಾಕಿ, ಅಧ್ಯಾಪಕರ ಹೆಸರು ಕೇಳಿದರೆ 'ಗೆಸ್ಟ್ ಫ್ಯಾಕಲ್ಟಿ ಬರ್ತಾರೆ' ಎನ್ನುವ ಖಾಸಗಿ ಕಾಲೇಜುಗಳಿವೆ. ಯಾವ ಲ್ಯಾಬ್, ಯಾವ ಉಪಕರಣ, ಕಳೆದ ಬ್ಯಾಚಿನವರು ಯಾವ ವಿಷಯದಲ್ಲಿ ಪ್ರಬಂಧ ಬರೆದರು ಎಂದು ಕೇಳಿ. ಮೂರಕ್ಕೂ ನೇರ ಉತ್ತರ ಬರದಿದ್ದರೆ ಅಡ್ವಾನ್ಸ್ ಫೀ ಕಟ್ಟಬೇಡಿ.

## ಹಂತ 4: ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತೆಗೆಸಿ

ರ್‍ಯಾಂಕ್ ಬಂದ ಮೇಲೂ ಸೀಟು ಕೈತಪ್ಪುವುದು ಈ ಹಂತದಲ್ಲಿ. ಸಿಇಟಿಗೆ ಮಾಡಿಸಿದ 2ಎ, 2ಬಿ, 3ಎ, 3ಬಿ, ಪ್ರವರ್ಗ-1ರ ಪತ್ರ ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ನಡೆಯುವುದಿಲ್ಲ. ಆರ್‌ಡಿ ನಂಬರ್ ಇದ್ದರೂ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಕೇಂದ್ರದ ನಮೂನೆಯ ಓಬಿಸಿ, ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ 'ಸೆಂಟ್ರಲ್ ಓಬಿಸಿ' ಎಂದು ಬಿಡಿಸಿ ಹೇಳಿ. ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರದ ತಾರೀಖು ಇರಬೇಕು ಎಂದು ಕೇಳುತ್ತಾರೆ. ಹೀಗಾಗಿ ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಕೊಡಿ.

ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ನಮ್ಮ ಮೂರೂ ಜಿಲ್ಲೆಗಳಿಗೆ ಇದು ಬಹಳ ಮುಖ್ಯ. ಪತ್ರಗಳಲ್ಲಿ ವೀರಶೈವ ಲಿಂಗಾಯತ ಎಂದಷ್ಟೇ ಇದ್ದು 3ಬಿ ಸೌಲಭ್ಯ ಪಡೆಯುವ ಕುಟುಂಬಗಳು ಕೇಂದ್ರದಲ್ಲೂ ಓಬಿಸಿ ಎಂದು ತುಂಬಿ, ಪರಿಶೀಲನೆಯ ವೇಳೆ ಸಿಕ್ಕಿಬೀಳುತ್ತವೆ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆಗೆದು, ನಿಮ್ಮ ಜಾತಿ ಅಥವಾ ಉಪಜಾತಿಯ ಹೆಸರು ಶಾಲೆಯ ದಾಖಲೆಯಲ್ಲಿರುವ ಹಾಗೆಯೇ ಅಲ್ಲಿ ಇದೆಯೇ ಎಂದು ನೋಡಿ.

ಇಲ್ಲದಿದ್ದರೆ ಆರ್ಥಿಕವಾಗಿ ದುರ್ಬಲ ವರ್ಗದ ಪತ್ರ, ಅಂದರೆ ಇಡಬ್ಲ್ಯೂಎಸ್ ಪ್ರಯತ್ನಿಸಬಹುದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಕೃಷಿ ಜಮೀನು 5 ಎಕರೆ ಮುಟ್ಟಿರಬಾರದು. ಇಂಡಿ, ಸಿಂದಗಿ, ಬೀಳಗಿ ಕಡೆ ಮಳೆಯನ್ನೇ ನಂಬಿದ ಎಂಟು ಹತ್ತು ಎಕರೆ ಇದ್ದರೂ ಆದಾಯ ಅಷ್ಟಕ್ಕಷ್ಟೇ ಇರುತ್ತದೆ ಎಂಬುದು ನಮಗೆಲ್ಲ ಗೊತ್ತು. ಆದರೆ ನಿಯಮ ಎಕರೆಯನ್ನೇ ನೋಡುತ್ತದೆ. ಉತಾರದಲ್ಲಿ ಯಾರ ಹೆಸರಿನಲ್ಲಿ ಎಷ್ಟಿದೆ ಎಂದು ಮೊದಲೇ ತೆಗೆಸಿ ನೋಡಿ.

ಇದರ ಜೊತೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಫೋಟೊ, ಸಹಿ ಇವನ್ನು ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಿನಲ್ಲಿಡಿ. ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಅಡ್ಡಹೆಸರು ಹೀಗೆ ಬೇರೆ ಬೇರೆ ಇದ್ದರೆ ಫಸ್ಟ್ ಪಿಯು ರಜೆಯಲ್ಲೇ ಸರಿಪಡಿಸಿಕೊಳ್ಳಿ. ಅರ್ಜಿಗೆ ಕೊಡುವ ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇ ಇರಲಿ. ಸೈಬರ್ ಕೆಫೆಯವರ ಇಮೇಲ್ ಹಾಕಿಸಿದರೆ ಸೀಟಿನ ಸಂದೇಶ ಅವರಿಗೆ ಹೋಗುತ್ತದೆ.

## ಹಂತ 5: ಅರ್ಜಿಗಳ ಕ್ಯಾಲೆಂಡರ್ ಗೋಡೆಗೆ ಅಂಟಿಸಿ

ತಾರೀಖುಗಳು ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತವೆ, ಕ್ರಮ ಮಾತ್ರ ಹೆಚ್ಚುಕಡಿಮೆ ಇದೇ.

ಜೆಇಇ ಮೇನ್ಸ್ ಜನವರಿ ಮತ್ತು ಏಪ್ರಿಲ್‌ನಲ್ಲಿ. ಮಾರ್ಚ್‌ನಲ್ಲಿ ಪಿಯು ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ಭಾನುವಾರ ನೀಟ್. ಐಎಟಿಯ ಅರ್ಜಿ ತೆರೆಯುವುದು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಅಂದರೆ ತಲೆ ಎತ್ತಲೂ ಪುರುಸೊತ್ತಿಲ್ಲದ ದಿನಗಳಲ್ಲಿ. ಪರೀಕ್ಷೆ ಮೇ ಕೊನೆ ಅಥವಾ ಜೂನ್‌ನಲ್ಲಿ. ನೆಸ್ಟ್ ಕೂಡ ಇತ್ತೀಚಿನ ವರ್ಷಗಳಲ್ಲಿ ಜೂನ್‌ನಲ್ಲಿ ನಡೆದಿದೆ.

ಫೆಬ್ರವರಿ ಕೊನೆಯಿಂದ ಪ್ರತಿ ಭಾನುವಾರ ಸಂಜೆ ಐಎಟಿ, ನೆಸ್ಟ್ ಎರಡರ ಜಾಲತಾಣಗಳನ್ನೂ ತೆರೆದು ನೋಡುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ. ಅಕ್ಕನೋ ಅಣ್ಣನೋ ಮಾಡಲಿ, ನೀವು ಓದುತ್ತಿರಿ. ಅರ್ಜಿ ತೆರೆದ ವಾರದಲ್ಲೇ ತುಂಬಿ.

ಅರ್ಹತೆಯನ್ನು ಮಾಹಿತಿ ಪುಸ್ತಿಕೆಯಲ್ಲಿ ಓದಿಯೇ ಶುಲ್ಕ ಕಟ್ಟಿ. ಐಸರ್‌ಗೆ ಪಿಯುನಲ್ಲಿ ಸಾಮಾನ್ಯ ಮತ್ತು ಓಬಿಸಿ ವರ್ಗಕ್ಕೆ ಶೇ. 60, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲರಿಗೆ ಶೇ. 55 ಬೇಕು. ಪಿಯು ಪಾಸಾದ ವರ್ಷಕ್ಕೂ ಮಿತಿ ಇರುತ್ತದೆ. ಎಂಬಿಬಿಎಸ್‌ಗಾಗಿ ಲಾಂಗ್ ಟರ್ಮ್ ಬ್ಯಾಚಿನಲ್ಲಿ ವರ್ಷಗಟ್ಟಲೆ ಕೂತವರು ಈ ಮಿತಿ ದಾಟಿ, ಐಸರ್ ಬಾಗಿಲು ಮುಚ್ಚಿಹೋದದ್ದನ್ನು ತಡವಾಗಿ ಅರಿಯುತ್ತಾರೆ.

## ಹಂತ 6: ಪರೀಕ್ಷೆಗೆ ತಯಾರಿ

ಇದಕ್ಕೆ ಪ್ರತ್ಯೇಕ ಕೋಚಿಂಗ್ ಬೇಕಿಲ್ಲ. ಎನ್‌ಸಿಇಆರ್‌ಟಿ ಪುಸ್ತಕಗಳು ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು ಸಾಕು. ನೀಟ್‌ನಲ್ಲಿ ವೇಗ ಮುಖ್ಯ, ಐಎಟಿಯಲ್ಲಿ ತರ್ಕ. 60 ಪ್ರಶ್ನೆಗಳಿಗೆ 180 ನಿಮಿಷ, ಅಂದರೆ ಒಂದಕ್ಕೆ ಮೂರು ನಿಮಿಷ. ನೀಟ್ ಅಭ್ಯಾಸದಲ್ಲಿ ಬಂದವರು ಇಲ್ಲಿಯೂ ಓಡುತ್ತಾರೆ, ಗಡಿಬಿಡಿಯಲ್ಲಿ ತಪ್ಪು ಮಾಡುತ್ತಾರೆ.

ನೀಟ್ ಮುಗಿದ ಮರುದಿನದಿಂದ ಐಎಟಿವರೆಗಿನ ವಾರಗಳು ಚಿನ್ನದಂಥವು. ಬಹುಪಾಲು ಮಕ್ಕಳು ಆಗ ಮದುವೆ, ಜಾತ್ರೆ ಎಂದು ಹೊರಡುತ್ತಾರೆ. ಆ ವಾರಗಳಲ್ಲಿ ಬೆಳಿಗ್ಗೆ ಗಣಿತ, ಮಧ್ಯಾಹ್ನ ಭೌತಶಾಸ್ತ್ರ, ಎರಡು ದಿನಕ್ಕೊಮ್ಮೆ ಪೂರ್ತಿ ಮೂರು ತಾಸಿನ ಹಳೆಯ ಪತ್ರಿಕೆ.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಐಎಟಿ ಮತ್ತು ನೆಸ್ಟ್ ಸಿಗುವುದಿಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಹಳೆಯ ಪತ್ರಿಕೆಗಳನ್ನು ಬಿಡಿಸುವಾಗ ಅರ್ಥವಾಗದ ಪ್ರತಿ ಪದವನ್ನೂ ಒಂದು ವಹಿಯಲ್ಲಿ ಬರೆದುಕೊಳ್ಳಿ. ಪ್ರಶ್ನೆಗಳ ಭಾಷೆ ಸೀಮಿತ, ಅವೇ ಪದಗಳು ಮರಳಿ ಬರುತ್ತವೆ.

## ಹಂತ 7: ಆದ್ಯತೆಯ ಪಟ್ಟಿ, ಸೀಟು, ಶುಲ್ಕ

ಫಲಿತಾಂಶದ ನಂತರ ಐಸರ್‌ಗಳ ಆದ್ಯತೆಯ ಕ್ರಮ ಕೇಳುತ್ತಾರೆ. ಅಲ್ಲಿ ಊರಿನ ಹೆಸರು ನೋಡಿ ತುಂಬಬೇಡಿ, ಮೂರನೇ ಹಂತದಲ್ಲಿ ಎಣಿಸಿದ ಲ್ಯಾಬ್‌ಗಳ ಸಂಖ್ಯೆ ನೋಡಿ ತುಂಬಿ. ಎಂಜಿನಿಯರಿಂಗ್, ಅರ್ಥಶಾಸ್ತ್ರದ ಕೋರ್ಸುಗಳೂ ಅದೇ ಪಟ್ಟಿಯಲ್ಲಿ ಇರಬಹುದು, ಕೋರ್ಸಿನ ಹೆಸರನ್ನು ಎರಡು ಸಲ ಓದಿ.

ಸುತ್ತುಗಳಲ್ಲಿ ಸೀಟು ಬರುತ್ತದೆ. ಬಂದ ಸೀಟಿಗೆ ಗಡುವಿನೊಳಗೆ ಒಪ್ಪಿಗೆ ಶುಲ್ಕ ಕಟ್ಟದಿದ್ದರೆ ಹೋಯಿತು. ಶುಲ್ಕದ ಹಣವನ್ನು ಆನ್‌ಲೈನ್ ಪಾವತಿ ಚಾಲ್ತಿಯಲ್ಲಿರುವ ಖಾತೆಯಲ್ಲಿ ಮೊದಲೇ ಇಡಿ, ಖಾತೆಯ ದಿನದ ಮಿತಿ ಎಷ್ಟೆಂದು ಬ್ಯಾಂಕಿನಲ್ಲಿ ಕೇಳಿ.

ಹಣದ ವಿಷಯದಲ್ಲಿ ಎರಡು ಮಾತು. ಪಿಯು ಬೋರ್ಡಿನಲ್ಲಿ ಮೇಲಿನ ಶೇ. 1ರೊಳಗೆ ಬಂದವರು ಮೂಲವಿಜ್ಞಾನ ಓದಿದರೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ವರ್ಷಕ್ಕೆ 80,000 ರೂಪಾಯಿ. ಸಾಲ ಬೇಕಾದರೆ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಹೊಲ ಅಡವಿಡುವ ಮಾತು ಬರುವ ಮೊದಲು ಇದನ್ನು ವಿಚಾರಿಸಿ.

## ಹಂತ 8: ಮೊದಲ ಎರಡು ವರ್ಷ

ಈ ಅವಧಿಯಲ್ಲಿ ಮಿದುಳಿನ ಪಾಠ ಹೆಚ್ಚೇನೂ ಬರುವುದಿಲ್ಲ. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಎಲ್ಲವನ್ನೂ ಎಲ್ಲರೂ ಓದಬೇಕು. 'ನಾನು ಬಂದದ್ದೇ ಮಿದುಳಿಗೆ, ಇದೆಲ್ಲ ಯಾಕೆ' ಎಂದು ಬೇಸರಪಟ್ಟು ಅಂಕ ಕಳೆದುಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು. ಲ್ಯಾಬ್ ಸೇರಲು ಹೋದಾಗ ಮೊದಲು ನೋಡುವುದು ಇದೇ ಅಂಕಗಳನ್ನು.

ಮೊದಲ ಸೆಮಿಸ್ಟರಿನಲ್ಲಿ ನಮ್ಮ ಕಡೆಯ ಮಕ್ಕಳು ಇಂಗ್ಲಿಷಿಗೆ ಅಂಜಿ ಹಿಂದಿನ ಬೆಂಚು ಹಿಡಿಯುತ್ತಾರೆ. ಟ್ಯುಟೋರಿಯಲ್ ತಾಸುಗಳನ್ನು ಬಿಡಬೇಡಿ. ತರಗತಿಯಲ್ಲಿ ಕೇಳಲಾಗದ ಪ್ರಶ್ನೆಯನ್ನು ಅಲ್ಲಿ ಕೇಳಬಹುದು, ಹರಕು ಮುರುಕು ಭಾಷೆಯಲ್ಲೇ ಕೇಳಿ.

ಕೋಡಿಂಗನ್ನು ಮೊದಲ ವರ್ಷದಲ್ಲೇ ಶುರುಮಾಡಿ. ಪೈಥಾನ್ ಸಾಕು. ದುಬಾರಿ ಲ್ಯಾಪ್‌ಟಾಪ್ ಬೇಡ, ಬ್ರೌಸರಿನಲ್ಲೇ ನಡೆಯುವ ಗೂಗಲ್ ಕೊಲ್ಯಾಬ್ ಇದೆ. ಮೊದಲ ಅಭ್ಯಾಸಕ್ಕೆ ಒಂದು ನರಕೋಶದ ಸರಳ ಮಾದರಿ ಬರೆಯಿರಿ: ವೋಲ್ಟೇಜ್ -70ರಿಂದ ಶುರು, ಹೊರಗಿನಿಂದ ಸಣ್ಣ ವಿದ್ಯುತ್ ಪ್ರವಾಹ ಕೊಡಿ, -55 ಮುಟ್ಟಿದ ಕೂಡಲೇ ಒಂದು ಸಂಕೇತ ಎಂದು ಗುರುತು ಹಾಕಿ ಮತ್ತೆ -70ಕ್ಕೆ ಇಳಿಸಿ. ಪ್ರವಾಹ ಹೆಚ್ಚಿಸಿದರೆ ಸಂಕೇತಗಳು ಎಷ್ಟು ಹೆಚ್ಚುತ್ತವೆ ಎಂದು ಗ್ರಾಫ್ ತೆಗೆಯಿರಿ. ಪ್ರವಾಹ ಒಂದು ಮಟ್ಟಕ್ಕಿಂತ ಕಡಿಮೆ ಇದ್ದರೆ ಎಷ್ಟು ಹೊತ್ತು ಕಾದರೂ ಸಂಕೇತವೇ ಬರುವುದಿಲ್ಲ. ಯಾಕೆ ಎಂದು ಎರಡನೇ ಹಂತದ ಮಂಡಲದಿಂದ ವಿವರಿಸಲು ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಮುಂದೆ ಅಲೆನ್ ಇನ್‌ಸ್ಟಿಟ್ಯೂಟ್ ಉಚಿತವಾಗಿ ಬಿಟ್ಟಿರುವ ನಿಜವಾದ ನರಕೋಶಗಳ ದತ್ತಾಂಶ ತೆಗೆದು ಅದರ ಮೇಲೆ ಕೈ ಪಳಗಿಸಿ. ಜೊತೆಗೆ ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ತಪ್ಪದೆ ತೆಗೆದುಕೊಳ್ಳಿ.

ರಜೆಯಲ್ಲಿ ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯ ನೋಡಿ ಬನ್ನಿ. ಸಮಯ ಮೊದಲೇ ಕೇಳಿಕೊಳ್ಳಿ. ಅಲ್ಲಿ ನಿಜವಾದ ಮಾನವ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು.

## ಹಂತ 9: ಬೇಸಿಗೆ ಲ್ಯಾಬ್, ಆಮೇಲೆ ಪ್ರಬಂಧ

ಎರಡನೇ ವರ್ಷದ ಬೇಸಿಗೆಯಿಂದ ಲ್ಯಾಬ್ ಕೆಲಸ ಶುರುವಾಗಬೇಕು. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕುವುದು ಹಿಂದಿನ ನವೆಂಬರ್ ಹೊತ್ತಿಗೆ. ಮಾರ್ಚ್‌ನಲ್ಲಿ ಹುಡುಕಲು ಶುರು ಮಾಡಿದವರಿಗೆ ಉಳಿಯುವುದು ಪ್ರೊಫೆಸರರಿಗೆ ನೇರ ಇಮೇಲ್ ಬರೆಯುವ ದಾರಿ ಮಾತ್ರ.

ಆ ಇಮೇಲ್ ಬಗ್ಗೆ. 'ಚಿಕ್ಕಂದಿನಿಂದ ನನಗೆ ಮಿದುಳೆಂದರೆ ಬಹಳ ಆಸಕ್ತಿ, ದಯವಿಟ್ಟು ಒಂದು ಅವಕಾಶ ಕೊಡಿ' ಎಂಬ ಪತ್ರ ನೂರು ಜನರಿಗೆ ಹೋಗಿರುತ್ತದೆ ಎಂದು ಓದುವವರಿಗೆ ಗೊತ್ತು. ಬದಲಿಗೆ ಹತ್ತು ಸಾಲು ಬರೆಯಿರಿ. ಅವರ ಇತ್ತೀಚಿನ ಒಂದು ಲೇಖನದ ಯಾವ ಚಿತ್ರ ನಿಮ್ಮಲ್ಲಿ ಯಾವ ಪ್ರಶ್ನೆ ಹುಟ್ಟಿಸಿತು ಎಂದು ಎರಡು ಸಾಲು. ನಿಮಗೆ ಏನು ಮಾಡಲು ಬರುತ್ತದೆ, ಮೇಲೆ ಹೇಳಿದ ಮಾದರಿ ಬರೆದಿದ್ದರೆ ಅದರ ಕೊಂಡಿ, ಇದಕ್ಕೆ ಎರಡು ಸಾಲು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲಿರಿ ಎಂದು ಒಂದು ಸಾಲು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಮುಂದಿನವರಿಗೆ ಬರೆಯಿರಿ.

ಸೊಳ್ಳೆ, ನೊಣ, ಮೀನು, ಇಲಿ, ಹಕ್ಕಿಗಳ ಮೇಲೆ ಪ್ರಯೋಗ ನಡೆಯುವ ಲ್ಯಾಬ್‌ಗಳಿವೆ. ಪ್ರಾಣಿಗಳ ಮೇಲೆ ಕೆಲಸ ಮಾಡಲು ಮನಸ್ಸು ಒಪ್ಪುತ್ತದೆಯೇ ಎಂಬುದನ್ನು ಬೇಸಿಗೆಯಲ್ಲೇ ಪರೀಕ್ಷಿಸಿಕೊಳ್ಳಿ. ಒಪ್ಪದಿದ್ದರೆ ಕಂಪ್ಯೂಟರ್ ಮಾದರಿ, ಮನುಷ್ಯರ ಇಇಜಿ (ತಲೆಯ ಮೇಲಿಂದ ಅಳೆದ ಮಿದುಳಿನ ವಿದ್ಯುತ್ ಸಂಕೇತ) ದತ್ತಾಂಶದ ವಿಶ್ಲೇಷಣೆ ಇವೆ. ಐದನೇ ವರ್ಷದಲ್ಲಿ ಇದು ಗೊತ್ತಾದರೆ ಅರ್ಧ ವರ್ಷ ಕಳೆದಿರುತ್ತದೆ.

ಪ್ರಬಂಧದ ವರ್ಷವನ್ನು ಬೇರೆ ಸಂಸ್ಥೆಯಲ್ಲೂ ಕಳೆಯಲು ಬಹುತೇಕ ಐಸರ್‌ಗಳಲ್ಲಿ ಅವಕಾಶ ಉಂಟು. ಮಾರ್ಗದರ್ಶಕರನ್ನು ಆರಿಸುವ ಮುನ್ನ ಆ ಲ್ಯಾಬಿನ ಇಬ್ಬರು ಹಿರಿಯ ವಿದ್ಯಾರ್ಥಿಗಳ ಜೊತೆ ಚಹಾ ಕುಡಿಯುತ್ತ ಮಾತಾಡಿ. ಪ್ರೊಫೆಸರ್ ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ, ಉಪಕರಣ ಸದ್ಯ ನಡೆಯುತ್ತಿದೆಯೇ, ಹಿಂದಿನ ಪ್ರಬಂಧದವರು ಸಮಯಕ್ಕೆ ಮುಗಿಸಿದರೇ ಎಂದು ಕೇಳಿ. ಉಪಕರಣ 'ಇನ್ನೇನು ಬರುತ್ತದೆ' ಎಂಬ ಉತ್ತರ ಬಂದರೆ ಆ ವಿಷಯ ತೆಗೆದುಕೊಳ್ಳಬೇಡಿ.

## ಸೀಟು ಸಿಗದಿದ್ದರೆ: ಬಿಎಸ್ಸಿಯಿಂದ ಹೋಗುವ ದಾರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಬಿಎಸ್ಸಿ ಸೇರಿದವರಿಗೂ ಇಂಟಿಗ್ರೇಟೆಡ್ ಪದವಿ ತಪ್ಪಿಲ್ಲ, ಮೂರು ವರ್ಷ ತಡವಾಗಿ ಬರುತ್ತದೆ. ಐಐಎಸ್ಸಿ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಬೆಂಗಳೂರಿನ ಈ ಮೂರೂ ಕಡೆ ಬಿಎಸ್ಸಿ ನಂತರ ಎಂಎಸ್ ಮತ್ತು ಪಿಎಚ್‌ಡಿ ಕೂಡಿದ ಕಾರ್ಯಕ್ರಮಗಳಿವೆ. ಓದುತ್ತಲೇ ಫೆಲೋಶಿಪ್ ಸಿಗುತ್ತದೆ. ಐಐಎಸ್ಸಿಗೆ ಜ್ಯಾಮ್ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬೇಕು: ಅರ್ಜಿ ಕೊನೆಯ ವರ್ಷದ ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ. ಎನ್‌ಸಿಬಿಎಸ್‌ಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಪ್ರವೇಶ ಪರೀಕ್ಷೆ ಪ್ರತ್ಯೇಕ.

ಎರಡು ವರ್ಷದ ಎಂಎಸ್ಸಿಯೇ ಸಾಕೆಂದರೆ ಹೈದರಾಬಾದ್ ವಿಶ್ವವಿದ್ಯಾಲಯದ ನರ ಮತ್ತು ಸಂಜ್ಞಾನ ವಿಜ್ಞಾನ ಕೇಂದ್ರ, ಐಐಟಿ ಗಾಂಧಿನಗರದ ಕಾಗ್ನಿಟಿವ್ ಸೈನ್ಸ್ ವಿಭಾಗಗಳ ಪ್ರಕಟಣೆ ನೋಡಿ.

ಬಿಎಸ್ಸಿ ಮೊದಲ ವರ್ಷದಲ್ಲಿರುವವರಿಗೆ ನೆಹರು ಕೇಂದ್ರದ ಪಿಒಬಿಇ ಎಂಬ ಜೀವವಿಜ್ಞಾನ ಬೇಸಿಗೆ ಕಾರ್ಯಕ್ರಮವಿದೆ. ಆಯ್ಕೆಯಾದವರು ಸತತ ಬೇಸಿಗೆಗಳಲ್ಲಿ ಅಲ್ಲಿನ ಲ್ಯಾಬ್‌ನಲ್ಲಿ ಕಲಿಯುತ್ತಾರೆ. ಇದರ ಬಗ್ಗೆ ನಮ್ಮ ಕಾಲೇಜುಗಳ ನೋಟಿಸ್ ಬೋರ್ಡಿಗೆ ಸುದ್ದಿ ಬರುವುದೇ ಕಡಿಮೆ, ನೀವೇ ಹುಡುಕಿಕೊಳ್ಳಬೇಕು. ವಿಷಯ ಆರಿಸುವಾಗ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದ ಗುಂಪು ತೆಗೆದುಕೊಂಡರೂ ಗಣಿತವನ್ನು ಮನೆಯಲ್ಲಿ ಓದುತ್ತಲೇ ಇರಿ.

ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ವಿದೇಶದ ಕೆಲವು ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಯವರನ್ನು ನೇರ ಪಿಎಚ್‌ಡಿಗೆ ತೆಗೆದುಕೊಳ್ಳುವುದಿಲ್ಲ. ಹೊರಗೆ ಹೋಗುವ ಯೋಚನೆ ಇದ್ದರೆ ಎಂಎಸ್ಸಿ ಮುಗಿಸಿಯೇ ಅರ್ಜಿ ಹಾಕಿ.

## ನೇರವಾಗಿ ಬ್ರಿಟನ್ನಿಗೆ ಹೋಗುವವರಿಗೆ

ಪದವಿಯ ಹೆಸರಿನಲ್ಲೇ ನ್ಯೂರೋಸೈನ್ಸ್ ಬೇಕೆಂದರೆ ಬ್ರಿಟನ್ನಿನಲ್ಲಿ ಎಂಎಸ್‌ಸೈ ಎಂಬ ಇಂಟಿಗ್ರೇಟೆಡ್ ಪದವಿಗಳಿವೆ. ಯೂನಿವರ್ಸಿಟಿ ಕಾಲೇಜ್ ಲಂಡನ್, ನಾಟಿಂಗ್‌ಹ್ಯಾಮ್ ಮುಂತಾದ ಕಡೆ ನಾಲ್ಕು ವರ್ಷ, ಸ್ಕಾಟ್‌ಲೆಂಡಿನಲ್ಲಿ ಐದು. ಅರ್ಜಿ ಯೂಕಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ, ಗರಿಷ್ಠ ಐದು ಆಯ್ಕೆ, ಮುಖ್ಯ ಗಡುವು ಜನವರಿಯಲ್ಲಿ. ಅಂದರೆ ಪಿಯು ಪರೀಕ್ಷೆಗೂ ಮುಂಚೆ. 2026ರ ಪ್ರವೇಶದಿಂದ ವೈಯಕ್ತಿಕ ಹೇಳಿಕೆಯನ್ನು ಮೂರು ಪ್ರಶ್ನೆಗಳಿಗೆ ಉತ್ತರದ ರೂಪದಲ್ಲಿ ಬರೆಯಬೇಕು. ಹಳೆಯ ಮಾದರಿ ಪತ್ರಗಳನ್ನು ನಕಲು ಮಾಡಬೇಡಿ.

ರಾಜ್ಯ ಬೋರ್ಡಿನವರಿಗೆ ಸಿಬಿಎಸ್‌ಇಗಿಂತ ಹೆಚ್ಚು ಶೇಕಡಾವಾರು ಕೇಳುವ ವಿಶ್ವವಿದ್ಯಾಲಯಗಳಿವೆ. ಏಜೆಂಟರು ಇದನ್ನು ಹೇಳದೆ ಫೌಂಡೇಶನ್ ವರ್ಷಕ್ಕೆ ಸೇರಿಸಿ ಒಂದು ವರ್ಷದ ಖರ್ಚು ಹೆಚ್ಚಿಸುತ್ತಾರೆ. ಏಜೆಂಟರಿಗೆ ಸಹಿ ಹಾಕುವ ಮುನ್ನ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ನೀವೇ ಇಮೇಲ್ ಮಾಡಿ, ಕರ್ನಾಟಕದ ಪಿಯು ಅಂಕಪಟ್ಟಿ ನೇರ ಮೊದಲ ವರ್ಷಕ್ಕೆ ನಡೆಯುತ್ತದೆಯೇ, ಯಾವ ವಿಷಯದಲ್ಲಿ ಎಷ್ಟು ಬೇಕು ಎಂದು ಬರಹದಲ್ಲಿ ಉತ್ತರ ಪಡೆಯಿರಿ.